'ಬೇರ್' ಕ್ರಿಯಾಪದ: ಹೊರುವುದು, ತಾಳುವುದು, ಸಹಿಸುವುದು

ಇಂಗ್ಲಿಷಿನ 'ಬೇರ್' ಎಂಬ ಕ್ರಿಯಾಪದಕ್ಕೆ ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಹೇಳುವ ಅರ್ಥ 'ಸಹಿಸು' ಎಂಬುದು. ಈ ಸಮೀಕರಣ ತಪ್ಪೇನಲ್ಲ, ಆದರೆ ಸಾಲದು. ಎರಡೂ ಭಾಷೆಗಳ ನಡುವೆ ಅನುವಾದ ಮಾಡುವವರಿಗೆ ಇದರಿಂದ ಆಗುವ ತೊಡಕು ಕೇವಲ ಪದಕೋಶದ ತೊಡಕಲ್ಲವಾದ್ದರಿಂದ, ಈ ಪದದ ಅರ್ಥವ್ಯಾಪ್ತಿಯನ್ನೂ ಬಳಕೆಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

'ಬೇರ್' ಪದದ ಮೂಲಾರ್ಥ ಹೊರುವುದು. ಹಳೆಯ ಇಂಗ್ಲಿಷಿನ 'ಬೆರನ್' ಎಂಬ ರೂಪಕ್ಕೆ ಹೊರು, ಹೆರು ಎಂಬ ಎರಡೂ ಅರ್ಥಗಳಿದ್ದವು. (ಕರಡಿ ಎಂಬರ್ಥದ 'ಬೇರ್' ಬೇರೆಯೇ ಪದ, ಕಾಗುಣಿತ ಮಾತ್ರ ಒಂದು.) ಇಂಡೋ-ಯುರೋಪಿಯನ್ ಮೂಲಭಾಷೆಯ 'ಭ್' ಧ್ವನಿಯು ಸಂಸ್ಕೃತದಲ್ಲಿ ಉಳಿದು, ಲ್ಯಾಟಿನ್ನಿನಲ್ಲಿ ಪದಾದಿಯಲ್ಲಿ 'ಫ್' ಆಗಿ, ಜರ್ಮಾನಿಕ್ ಭಾಷೆಗಳಲ್ಲಿ 'ಬ್' ಆಯಿತು. ಈ ಜರ್ಮಾನಿಕ್ ಪಲ್ಲಟವು 1822ರಲ್ಲಿ ಯಾಕೋಬ್ ಗ್ರಿಮ್ ನಿರೂಪಿಸಿದ ಧ್ವನಿನಿಯಮದ ಭಾಗವಾಗಿದೆ. ಆದ್ದರಿಂದ ಸಂಸ್ಕೃತದ 'ಭೃ' ಧಾತು, ಲ್ಯಾಟಿನ್ನಿನ 'ಫೆರ್ರೆ', ಇಂಗ್ಲಿಷಿನ 'ಬೇರ್' ಮೂರೂ ದಾಯಾದಿಗಳು. ಆ 'ಫೆರ್ರೆ'ಗೆ 'ಕೆಳಗೆ' ಎಂಬರ್ಥದ ಉಪಸರ್ಗ ಸೇರಿ ಬಂದದ್ದು 'ಸಫರ್'. ಅಂದರೆ ಭಾರದ ಅಡಿಯಲ್ಲಿದ್ದು ಹೊರುವುದು. ಕನ್ನಡದ ಭಾರ, ಭರಿಸು ಎಂಬ ಪದಗಳು ಸಂಸ್ಕೃತದ ಮೂಲಕ ಅದೇ ಧಾತುವಿನಿಂದ ಬಂದಿವೆ. 'ವೆಚ್ಚವನ್ನು ಭರಿಸು' ಎಂದು ನಮ್ಮ ಕಚೇರಿ ಕಡತಗಳು ಬರೆಯುವಾಗ, ಅರಿವಿಲ್ಲದೆಯೇ, ಇಂಗ್ಲಿಷಿನ ಪದಕ್ಕೆ ಅದರ ದೂರದ ಬಂಧುವನ್ನೇ ಪರ್ಯಾಯವಾಗಿ ಇಡುತ್ತವೆ.

ಇಂಗ್ಲಿಷ್ ಒಂದೇ ಕ್ರಿಯಾಪದದಲ್ಲಿ ಹಿಡಿದಿಟ್ಟದ್ದನ್ನು ಕನ್ನಡ ಹಂಚಿಕೊಂಡಿದೆ. ತಾಯಿ ಮಗುವನ್ನು ಹೊರುತ್ತಾಳೆ, ಹೆರುತ್ತಾಳೆ, ಮರ ಫಲ ಬಿಡುತ್ತದೆ, ಕಂಬ ಮಾಳಿಗೆಯ ಭಾರವನ್ನು ತಾಳುತ್ತದೆ, ಸಾಕ್ಷಿ ನುಡಿಯುತ್ತಾನೆ, ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ 'ಬೇರ್' ಸಲ್ಲುತ್ತದೆ. ಹೆರುವ ಅರ್ಥ ಮಾತ್ರ ಕಾಗುಣಿತದಲ್ಲಿಯೂ ಒಡೆದು ನಿಂತಿದೆ. ಹುಟ್ಟಿದ ಎಂಬರ್ಥದ 'ಬಾರ್ನ್' ಕೊನೆಯಲ್ಲಿ 'ಇ' ಅಕ್ಷರವಿಲ್ಲದೆಯೂ, ಹೊತ್ತ ಎಂಬರ್ಥದ್ದು ಅದನ್ನುಳ್ಳದ್ದಾಗಿಯೂ ಬರೆಯುವ ವ್ಯವಸ್ಥೆ ನೆಲೆಗೊಂಡದ್ದು 18ನೇ ಶತಮಾನದ ಉತ್ತರಾರ್ಧದ ಹೊತ್ತಿಗೆ.

ತಾಳುವ ಅರ್ಥದಲ್ಲಿ ಈ ಪದದ ಬಳಕೆಗೆ ಒಂದು ವಿಶೇಷವಿದೆ. ಆಡುಮಾತಿನಲ್ಲಿ ಅದು ಬಹುಮಟ್ಟಿಗೆ ನಿಷೇಧದೊಡನೆ ಬರುತ್ತದೆ: 'ಐ ಕಾಂಟ್ ಬೇರ್ ಇಟ್'. ಇಲ್ಲಿ ಕನ್ನಡಕ್ಕೆ ಪ್ರತ್ಯೇಕ ಪದವೇ ಬೇಕಿಲ್ಲ; 'ನೋಡಲಾರೆ', 'ಕೇಳಲಾರೆ' ಎಂಬ ರೂಪಗಳಲ್ಲಿರುವ ನಿಷೇಧವೇ ಸಾಕಾಗುತ್ತದೆ. 'ನೋಡುವುದನ್ನು ಸಹಿಸಲಾರೆ' ಎಂದು ಬೆಳೆಸುವುದು ಅನುವಾದದ ವಾಸನೆಯನ್ನು ಬಿಡುವುದಿಲ್ಲ. ಹಾಗೆಯೇ 'ಸಹಿಸುತ್ತಿದ್ದೇನೆ' ಎಂಬುದನ್ನು ನೆನೆದು 'ಐ ಆಮ್ ಬೇರಿಂಗ್ ದಿ ಪೇನ್' ಎನ್ನುವುದು ಇಂಗ್ಲಿಷಿಗೆ ಅಷ್ಟಾಗಿ ಒಗ್ಗದು. 'ಬೇರ್ ವಿತ್ ಮಿ' ಎಂಬಲ್ಲಿಯಂತೂ 'ಸ್ವಲ್ಪ ತಾಳಿ' ಎಂಬುದೇ ಸರಿಯಾದ ಕನ್ನಡ. ಕಾಯುವುದನ್ನೂ ನೋವುಣ್ಣುವುದನ್ನೂ ಹಿಡಿದಿರುವ, 'ರೂಪ ತಾಳು' ಎಂಬಲ್ಲಿ ಧರಿಸು ಎಂಬ ಅರ್ಥವನ್ನೂ ಕೊಡುವ 'ತಾಳು' ನಮ್ಮಲ್ಲಿ 'ಬೇರ್'ಗೆ ಅತಿ ಸಮೀಪದ ಪದ. ಅದನ್ನು ಬಿಟ್ಟು 'ಸಹಿಸು' ಎಂಬುದಕ್ಕೆ ಮೊದಲ ಸ್ಥಾನ ಕೊಟ್ಟದ್ದು ಏಕೆಂಬುದು ಸೋಜಿಗವೇ.

'ಸಹಿಸು' ಪದದ ಕಥೆ ಬೇರೆ. ಸಂಸ್ಕೃತದ 'ಸಹ್' ಧಾತುವಿಗೆ ವೈದಿಕ ಭಾಷೆಯಲ್ಲಿ ಗೆಲ್ಲು, ಮೀರು ಎಂಬ ಅರ್ಥಗಳಿದ್ದವು. ಇಂದಿನ ಕನ್ನಡದಲ್ಲಿ ಈ ಪದ ಇಬ್ಬರಿಗೂ ಸಲ್ಲುತ್ತದೆ. 'ಅಧಿಕಾರಿ ಅಶಿಸ್ತನ್ನು ಸಹಿಸುವುದಿಲ್ಲ' ಎಂಬಲ್ಲಿ ಸಹಿಸದಿರುವವನಿಗೆ ತಡೆಯುವ ಬಲವಿದೆ. 'ತಾಯಿ ಮಗನ ಅಗಲಿಕೆಯನ್ನು ಸಹಿಸಳು' ಎಂಬಲ್ಲಿ ಆ ಬಲವಿಲ್ಲ. ಇಂಗ್ಲಿಷ್ ಮೊದಲನೆಯದಕ್ಕೆ 'ಟಾಲರೇಟ್', ಎರಡನೆಯದಕ್ಕೆ 'ಬೇರ್' ಬಳಸುತ್ತದೆ. 1689ರಲ್ಲಿ ಇಂಗ್ಲೆಂಡಿನ ಸಂಸತ್ತು ಅಧಿಕೃತ ಚರ್ಚಿಗೆ ಸೇರದ ಪ್ರಾಟೆಸ್ಟೆಂಟರಿಗೆ ಷರತ್ತಿನ ಮೇಲೆ ಆರಾಧನಾ ಸ್ವಾತಂತ್ರ್ಯ ನೀಡಿದ ಕಾಯಿದೆ 'ಟಾಲರೇಷನ್ ಆ್ಯಕ್ಟ್' ಎಂದು ಹೆಸರಾದುದು ಇದೇ ಅರ್ಥದಲ್ಲಿ. ತಡೆಯಬಲ್ಲವರು ತಡೆಯದೆ ಬಿಟ್ಟದ್ದು ಅದು. 'ಸಫರ್' ಪದಕ್ಕೂ ಹಿಂದೆ ಈ ಇಬ್ಬಗೆಯಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಅದು 'ಅನುಮತಿಸು' ಎಂಬರ್ಥದಲ್ಲಿಯೂ ಬರುತ್ತದೆ. ಇಂದು ಆ ಅರ್ಥ ಬಹುತೇಕ ಮರೆಯಾಗಿದೆ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಈ ಭೇದ ಗಂಭೀರವಾಗುತ್ತದೆ. 'ಅವಳು ಇಪ್ಪತ್ತು ವರ್ಷ ಗಂಡನ ಹೊಡೆತ ಸಹಿಸಿದಳು' ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ನಿಘಂಟಿನಲ್ಲಿ ಸಿಕ್ಕಿತೆಂದು ಇಲ್ಲಿ 'ಟಾಲರೇಟೆಡ್' ಎಂದು ಬರೆದರೆ, ಆಕೆಗೆ ತಡೆಯುವ ಅವಕಾಶವಿತ್ತು, ಆದರೂ ನಡೆಯಗೊಟ್ಟಳು ಎಂಬ ಧ್ವನಿ ನುಸುಳುತ್ತದೆ. ಮೂಲದಲ್ಲಿಲ್ಲದ ಆರೋಪವೊಂದು ಆಕೆಯ ಮೇಲೆ ಬೀಳುತ್ತದೆ. 'ಬೋರ್' ಎಂದರೆ ಹೊರೆ ಉಳಿಯುತ್ತದೆ. 'ಎಂಡ್ಯೂರ್ಡ್' ಎಂದರೆ, ಲ್ಯಾಟಿನ್ನಿನಲ್ಲಿ ಗಟ್ಟಿ ಎಂಬರ್ಥದ 'ದೂರುಸ್' ಪದದಿಂದ ಬಂದದ್ದಾದ್ದರಿಂದ, ಇಪ್ಪತ್ತು ವರ್ಷಗಳ ಕಾಲದೈರ್ಘ್ಯವೂ ಕೂಡುತ್ತದೆ. ಇಲ್ಲಿ ಅದೇ ಹೆಚ್ಚು ಸೂಕ್ತವೆಂದು ತೋರುತ್ತದೆ.