ಮುಂಬಯಿಯಲ್ಲಿ ವಿಮಾನ ಬದಲಿಸುವವರ ಸಾಮಾನು

ದುಬೈಯಿಂದ ಮುಂಬಯಿ ಮಾರ್ಗವಾಗಿ ಮಂಗಳೂರಿಗೆ ಮರಳುವ ನಮ್ಮವರಲ್ಲಿ ಅನೇಕರು, ಪೆಟ್ಟಿಗೆಗೆ ಕಟ್ಟಿದ ಚೀಟಿಯಲ್ಲಿ ಮಂಗಳೂರಿನ ಹೆಸರಿದೆಯೆಂದು ನಿಶ್ಚಿಂತರಾಗಿಬಿಡುತ್ತಾರೆ. ಇದು ಸಲ್ಲದು. ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಸಾಮಾನ್ಯವಾಗಿ ಸುಂಕದ ತಪಾಸಣೆ. ಮುಂದಿನದು ಒಳನಾಡಿನ ಪ್ರಯಾಣ. ಆದುದರಿಂದ ಮುಂಬಯಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಮುಗಿದೊಡನೆ ಬೆಲ್ಟಿನ ಬಳಿ ನಿಂತು ಸಾಮಾನನ್ನು ತಾವೇ ಎತ್ತಿಕೊಳ್ಳಬೇಕು. ಮರೆತರೆ ವರ್ಷದ ದುಡಿಮೆಯಲ್ಲಿ ಮನೆಯವರಿಗೆಂದು ಕೊಂಡದ್ದೆಲ್ಲ ಅಲ್ಲೇ ಉಳಿದೀತು. ಕೆಲವು ವಿಮಾನಗಳಲ್ಲಿ ಬೇರೆ ಏರ್ಪಾಡಿರುವುದುಂಟು. ದುಬೈಯಲ್ಲಿ ಸಾಮಾನು ಒಪ್ಪಿಸುವಾಗಲೇ ಕೇಳಿಕೊಳ್ಳುವುದು.

ಸುಂಕ ತೆರಬೇಕಾದ ವಸ್ತುವಿದ್ದರೆ ಕೆಂಪು ದಾರಿ, ಇಲ್ಲವಾದರೆ ಹಸಿರು ದಾರಿ. ಅನುಮಾನವಿದ್ದರೆ ಕೆಂಪೇ ಲೇಸು. ಹಸಿರಿನಲ್ಲಿ ಸಿಕ್ಕಿಬಿದ್ದ ಮೇಲೆ ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ. ಬಳಿಕ ಮುಂದಿನ ವಿಮಾನದ ಕೌಂಟರಿನಲ್ಲಿ ಸಾಮಾನನ್ನು ಮತ್ತೆ ಒಪ್ಪಿಸಬೇಕು.

ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟು ಕೊಂಡವರಿಗೆ ತೊಡಕು ಹೆಚ್ಚು. ದುಬೈಯಿಂದ 30 ಕಿಲೊ ತಂದಿರಬಹುದು. ಒಳನಾಡಿನ ಟಿಕೆಟಿನಲ್ಲಿ ಬಹುಮಟ್ಟಿಗೆ 15 ಕಿಲೊ ಮಾತ್ರ, ಮಿಕ್ಕದ್ದಕ್ಕೆ ಕಿಲೊ ಲೆಕ್ಕದಲ್ಲಿ ಹಣ. ಉಳಿಸಿದ್ದು ಅಲ್ಲಿಗೇ ಸರಿ! ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ನಷ್ಟವೂ ಸಾಧಾರಣವಾಗಿ ಪ್ರಯಾಣಿಕನದೇ. ಎರಡರ ನಡುವೆ 3 ಗಂಟೆಗಿಂತ ಕಡಿಮೆ ಬಿಡುವು ಇಟ್ಟುಕೊಳ್ಳುವುದು ನಮ್ಮ ಮಟ್ಟಿಗೆ ಸಾಹಸವೇ.