ಮುಚ್ಚಿಟ್ಟ ನಾಲ್ಕನೆಯ ಸಿಂಹ

ಮಕ್ಕಳೇ, ಮೊದಲು ನಿಮಗೊಂದು ಚಿಕ್ಕ ಪರೀಕ್ಷೆ. ಅಪ್ಪನ ಹಳೆಯ ಭಾರತೀಯ ಪಾಸ್‌ಪೋರ್ಟ್ ಬೀರುವಿನಲ್ಲೇ ಇರಲಿ, ನೋಡಬೇಡಿ. ಅದರ ಮೇಲಿನ ಸಿಂಹಗಳ ಕಾಲ ಕೆಳಗೆ ಯಾವ ಪ್ರಾಣಿಗಳಿವೆ?

ತಡವರಿಸಿದಿರಾ? ನಾಚಿಕೆ ಬೇಡ. ಕಾಶಿಗೆ ಹೋದಾಗ ಪಕ್ಕದ ಸಾರನಾಥದಲ್ಲಿ ನಾನೂ ತಡವರಿಸಿದೆ. ಮೆಡಿಕಲ್ ಓದುವ ಮಗಳು ಆಟೋದಲ್ಲೂ ಫೋನಿನಲ್ಲಿ ಮೂಳೆಗಳ ಚಿತ್ರ ನೋಡುತ್ತಿದ್ದಳು. ಹೆಸರುಗಳ ಮೇಲೆಲ್ಲ ಬಣ್ಣದ ಚೌಕ. "ಏನೇ ಇದು, ಎಲ್ಲಾ ಮುಚ್ಚಿದೆಯಲ್ಲ?" ಎಂದೆ. "ಮುಚ್ಚಿದ್ದನ್ನ ನಾನೇ ಹೇಳಬೇಕಮ್ಮ, ಆಮೇಲೆ ತೆಗೆದು ನೋಡೋದು. ತಪ್ಪಿದ್ದು ಬೇಗ ಮತ್ತೆ ಬರುತ್ತೆ, ಸರಿಯಾದದ್ದು ಕೆಲವು ದಿನ ಬಿಟ್ಟು" ಅಂದಳು. ಆಂಕಿ ಎಂಬ ಪ್ರೋಗ್ರಾಂನಲ್ಲಿ ಇಂಥ ಕಾರ್ಡ್ ಮಾಡಬಹುದಂತೆ.

ಸಾರನಾಥದ ಮ್ಯೂಸಿಯಂನಲ್ಲಿ 1904-05ರ ಉತ್ಖನನದಲ್ಲಿ ಸಿಕ್ಕ ಅಶೋಕಸ್ತಂಭದ ಶಿಖರವಿದೆ. ಎತ್ತರ ಸುಮಾರು ಏಳು ಅಡಿ. ಬೆನ್ನಿಗೆ ಬೆನ್ನು ಕೊಟ್ಟ ನಾಲ್ಕು ಸಿಂಹಗಳು, ಕೆಳಗಿನ ಪಟ್ಟಿಯಲ್ಲಿ ಆನೆ, ಕುದುರೆ, ಗೂಳಿ, ಸಿಂಹ, ನಡುನಡುವೆ ಚಕ್ರ, ಅದರಡಿ ಗಂಟೆಯಂತೆ ಬಾಗಿದ ಕಮಲ. 1950ರ ಜನವರಿ 26ರಂದು ಒಪ್ಪಿಕೊಂಡ ರಾಷ್ಟ್ರಲಾಂಛನದಲ್ಲಾದರೋ ಕಾಣುವುದು ಮೂರೇ ಸಿಂಹ. ಎಡಕ್ಕೆ ಕುದುರೆ, ಬಲಕ್ಕೆ ಗೂಳಿ. ಕಮಲವನ್ನು ಬಿಟ್ಟಿದ್ದಾರೆ. ಇಷ್ಟು ವರ್ಷ ಪಾಸ್‌ಪೋರ್ಟ್ ಹಿಡಿದು ಓಡಾಡಿದ ನನಗೆ ಇದು ಗೊತ್ತೇ ಇರಲಿಲ್ಲ!

ಸಂಜೆ ರೂಮಿನಲ್ಲಿ ಸ್ತಂಭದ ಚಿತ್ರದ ಮೇಲೆ ಚೀಟಿ ಮುಚ್ಚಿ ಮಗಳು ನನಗೆ ಪಾಠ ಮಾಡಿದಳು. ಓದಿದ್ದನ್ನೇ ಓದಿದರೆ ಗೊತ್ತಿದೆ ಎಂಬ ಭ್ರಮೆ ಬರುತ್ತದೆ; ಮುಚ್ಚಿ ನೆನಪಿಸಿಕೊಂಡರೆ ಗುಟ್ಟು ರಟ್ಟಾಗುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ, ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರು.

ನೀವೂ ಮಾಡುವುದಾದರೆ ಎರಡು ಮಾತು. ಒಂದು ಸಲಕ್ಕೆ ಒಂದೇ ಭಾಗವನ್ನು ಕೇಳಿಕೊಳ್ಳಿ. ಚೌಕ ಎಲ್ಲಿದೆ ಎಂಬುದನ್ನಷ್ಟೇ ಗುರುತಿಟ್ಟು ಉತ್ತರ ಹೇಳುವ ಕಳ್ಳದಾರಿ ಹಿಡಿಯಬೇಡಿ. ಬೇರೆ ಬೇರೆ ಚಿತ್ರಗಳಲ್ಲಿ ಅದನ್ನೇ ಕೇಳಿಕೊಳ್ಳಿ.

ಸಾರನಾಥದಲ್ಲಿ ಇನ್ನೊಂದನ್ನೂ ಕಂಡೆ. ಮುರಿದ ಕಂಬದ ಬುಡದಲ್ಲಿ ಅಶೋಕನ ಶಾಸನವಿದೆ. ನಮ್ಮ ಕನ್ನಡ ಲಿಪಿಗೂ ಮೂಲವಾದ ಬ್ರಾಹ್ಮಿಯಲ್ಲಿ ಬರೆದದ್ದು. ಸಂಘವನ್ನು ಒಡೆದವರಿಗೆ ಬಿಳಿಬಟ್ಟೆ ಉಡಿಸಿ ಹೊರಗಿಡಬೇಕೆಂಬ ಆಜ್ಞೆ. ಅದರ ಮೊದಲ ಸಾಲುಗಳು ಒಡೆದುಹೋಗಿವೆ. ಸಾಂಚಿ, ಕೌಶಾಂಬಿಗಳಲ್ಲಿ ಅದೇ ಆಜ್ಞೆಯ ಪ್ರತಿಗಳಿದ್ದುದರಿಂದ ವಿದ್ವಾಂಸರು ಊಹಿಸಿ ತುಂಬಿದರು. ಪ್ರತಿ ಇಲ್ಲದಿದ್ದರೆ?

ಆಗ ನಮ್ಮ ಮನೆಯ ಹಳೇ ಫೋಟೋ ನೆನಪಾಯಿತು. ತಾತನ ಅಂಗಳದಲ್ಲಿ ಮದುವೆಯ ಗುಂಪು. ಅಜ್ಜಿಯ ಪಕ್ಕ ಕುಚ್ಚು ಹಾಕಿದ ಜಡೆಯ ಹೆಂಗಸೊಬ್ಬರಿದ್ದಾರೆ. ಅಮ್ಮ ಇದ್ದಾಗ ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಈಗ ಆ ಮುಖದ ಮೇಲೆ ಚೀಟಿಯೇನೂ ಇಲ್ಲ, ಆದರೂ ಮುಚ್ಚಿಹೋಗಿದೆ.

ಆದ್ದರಿಂದ ಈ ಭಾನುವಾರ ಒಂದು ಕೆಲಸ ಮಾಡಿ. ಊರಿನ ಒಂದು ಫೋಟೋ ತೆಗೆದು ಅಜ್ಜಿಗೋ ದೊಡ್ಡಪ್ಪನಿಗೋ ಫೋನ್ ಮಾಡಿ. ಒಂದೊಂದೇ ಮುಖ ತೋರಿಸಿ ಹೆಸರು, ಊರು, ಸಂಬಂಧ ಕೇಳಿ ಬರೆದುಕೊಳ್ಳಿ. ಬಳಿಕ ಚೀಟಿ ಮುಚ್ಚಿ ನೀವೇ ಹೇಳಿ. ಚಿಕ್ಕಜ್ಜಿ, ಸೋದರತ್ತೆ, ಷಡ್ಡಕ ಎಂಬ ಮಾತುಗಳೂ ಜೊತೆಗೇ ಬರುತ್ತವೆ. ಮರೆತರೆ ಮತ್ತೆ ಕೇಳಿ, ಅವರು ಬೇಸರಪಡುವುದಿಲ್ಲ. ಉತ್ತರ ಗೊತ್ತಿರುವವರು ಇರುವಾಗಲೇ ಕೇಳಿಬಿಡಿ.