ಸಂಜ್ಞಾಭಾಷೆಯ ದುಭಾಷಿಗಳ ನಿತ್ಯಕಾಯಕ

ಕೇಶಿರಾಜನು ತನ್ನ ಶಬ್ದಮಣಿದರ್ಪಣದ ಆರಂಭದಲ್ಲಿ ಶಬ್ದದ ಉತ್ಪತ್ತಿಯನ್ನು ವಿವರಿಸುತ್ತ, ಅದು ವಾಯುವಿನ ಪ್ರೇರಣೆಯಿಂದ ನಾಭಿಮೂಲದಲ್ಲಿ ಹುಟ್ಟಿ ಕಹಳೆಯ ನಾದದಂತೆ ಹೊರಹೊಮ್ಮುವುದೆಂದು ನಿರೂಪಿಸುತ್ತಾನೆ. ಇಪ್ಪತ್ತೆಂಟು ವರ್ಷಗಳಿಂದ ಈ ಸೂತ್ರವನ್ನು ವಿದ್ಯಾರ್ಥಿಗಳಿಗೆ ಬೋಧಿಸುತ್ತ ಬಂದ ನನಗೆ, ನಾಭಿಯನ್ನಾಗಲಿ ಕಂಠವನ್ನಾಗಲಿ ಆಶ್ರಯಿಸದೆ ಕೈ, ಕಣ್ಣು, ಹುಬ್ಬುಗಳನ್ನೇ ಕರಣಗಳನ್ನಾಗಿ ಮಾಡಿಕೊಂಡ ಭಾಷೆಯೊಂದು ನಮ್ಮ ನಡುವೆಯೇ ಬಾಳುತ್ತಿದೆಯೆಂಬ ಅರಿವು ಬಹು ತಡವಾಗಿ ಉಂಟಾಯಿತು. ಮೂರು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನೆರೆಯ ತಾಲ್ಲೂಕಿನ ಕಿವುಡ ಮಕ್ಕಳ ಶಾಲೆಯ ವಿದ್ಯಾರ್ಥಿಗಳು ಅತಿಥಿಗಳಾಗಿ ಬಂದಿದ್ದರು. ಅವರ ಸಲುವಾಗಿ ಕರೆಸಿದ್ದ ದುಭಾಷಿ ಸೋದರಿಯೊಬ್ಬರು ಅಂದು ನನ್ನ ಭಾಷಣವನ್ನು ಸಂಜ್ಞಾಭಾಷೆಗೆ ತಂದರು. ಆಗ ಕಂಡುದನ್ನೂ, ಅನಂತರ ಅವರಿಂದ ಕೇಳಿ ತಿಳಿದುದನ್ನೂ ವಾಚಕ ಮಹಾಶಯರ ಮುಂದಿಡುವುದು ಈ ಲೇಖನದ ಉದ್ದೇಶ.

ಉತ್ಸವದ ಹಿಂದಿನ ಸಂಜೆಯೇ ಆ ತಾಯಿ ನಮ್ಮ ಮನೆಗೆ ಬಂದು, "ಗುರುಗಳೇ, ನಾಳೆ ನೀವು ಆಡುವ ಮಾತನ್ನು ಒಮ್ಮೆ ಹೇಳುವಿರಾ?" ಎಂದು ಕೇಳಿದರು. ನಾನು ಕೊಂಚ ಹೆಮ್ಮೆಯಿಂದಲೇ ಬರೆದಿಟ್ಟಿದ್ದ ಭಾಷಣವನ್ನು ಓದತೊಡಗಿದೆ. ದಾನಿಗಳನ್ನು ಉದ್ದೇಶಿಸಿ ಅದರಲ್ಲಿ ಒಂದು ಶ್ಲೇಷೆಯನ್ನು ಸೇರಿಸಿದ್ದೆ: ಅರ್ಥವುಳ್ಳವರು ಅರ್ಥವನ್ನಿತ್ತರೆ ಮಾತ್ರ ಶಾಲೆಯೆಂಬ ಮಾತಿಗೆ ಅರ್ಥ ಬರುವುದು. ಆಕೆ ಕೈಯೆತ್ತಿ ನಿಲ್ಲಿಸಿದರು. "ಹಣಕ್ಕೆ ಒಂದು ಸಂಜ್ಞೆ, ತಾತ್ಪರ್ಯಕ್ಕೆ ಇನ್ನೊಂದು ಸಂಜ್ಞೆ. ಎರಡೂ ಒಂದೇ ರೂಪದಲ್ಲಿಲ್ಲ. ನಿಮ್ಮ ಚಮತ್ಕಾರವಿರುವುದು ಕಿವಿಯಲ್ಲಿ. ನಾನೇನು ಮಾಡಲಿ?" ಎಂದರು. ಕೈಬಿಡಿ ಎಂದೆ. ಅದಕ್ಕೆ ಆಕೆ ಒಪ್ಪಲಿಲ್ಲ. ಸಭೆಯೆಲ್ಲ ನಗುವಾಗ ಕಿವುಡ ಮಕ್ಕಳು ಮಾತ್ರ ಪಿಳಿಪಿಳಿ ನೋಡುತ್ತ ಕುಳಿತಿರಬೇಕೆ ಎಂಬುದು ಅವರ ಪ್ರಶ್ನೆ. ಕೊನೆಗೆ, ಕನ್ನಡದಲ್ಲಿ ಈ ಎರಡು ಅರ್ಥಗಳಿಗೂ ಒಂದೇ ಪದವುಂಟು, ವಕ್ತಾರರು ಅದನ್ನಿಟ್ಟುಕೊಂಡು ಆಟವಾಡುತ್ತಿದ್ದಾರೆ ಎಂದು ಸಂಜ್ಞೆಯಲ್ಲಿ ತಿಳಿಸುವುದೆಂದು ನಿಶ್ಚಯವಾಯಿತು. ನಗೆ ಬಾರದಿದ್ದರೂ ನಗೆಯ ಕಾರಣವಾದರೂ ಅವರಿಗೆ ತಿಳಿಯಲಿ ಎಂಬುದು ಅದರ ಉದ್ದೇಶ. ಹೀಗೆ ಒಂದು ಗಂಟೆಯ ಕಾಲ ಆಕೆ ನನ್ನ ಒಂದೊಂದು ವಾಕ್ಯಕ್ಕೂ "ಇದರ ಅರ್ಥ ಯಾವುದು?" ಎಂದು ಕೇಳುತ್ತ ಹೋದರು. ಎರಡು ಕಡೆ ನನಗೇ ಉತ್ತರ ತೋಚಲಿಲ್ಲ. ಆ ವಾಕ್ಯಗಳನ್ನು ಹೊಡೆದುಹಾಕಿದೆ.

ನಮ್ಮ ಗಮಕ ಸಂಪ್ರದಾಯವನ್ನು ಬಲ್ಲವರಿಗೆ ಈ ಕೆಲಸದ ಒಂದು ಮುಖ ಸುಲಭವಾಗಿ ತಿಳಿಯುವುದು. ಗಮಕಿಯು ಪದ್ಯವನ್ನು ಹಾಡಿ ನಿಲ್ಲಿಸಿದ ಬಳಿಕ ವ್ಯಾಖ್ಯಾನಕಾರನು ವಿವರಿಸುತ್ತಾನೆ. ನ್ಯಾಯಾಲಯದಲ್ಲಿಯೂ ವೈದ್ಯರ ಬಳಿಯಲ್ಲಿಯೂ ದುಭಾಷಿಯು ಬಹುಮಟ್ಟಿಗೆ ಹೀಗೆಯೇ ಸರದಿಯಂತೆ ನಡೆಯಬಹುದು. ಆದರೆ ಸಭೆ, ತರಗತಿ, ವಾರ್ತೆಗಳಲ್ಲಿ ಆ ಬಿಡುವಿಲ್ಲ. ವಕ್ತಾರನು ಒಂದು ವಾಕ್ಯವನ್ನು ಆಡುತ್ತಿರುವಾಗಲೇ ದುಭಾಷಿಯು ಹಿಂದಿನ ವಾಕ್ಯವನ್ನು ಕೈಯಲ್ಲಿ ನುಡಿಯುತ್ತ, ಮುಂದಿನದನ್ನು ಕಿವಿಯಲ್ಲಿ ಹಿಡಿದಿರಬೇಕು. ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯಾಂತ್ಯದಲ್ಲಿ ಬರುವುದರಿಂದ ಕಷ್ಟವು ಇಮ್ಮಡಿಯಾಗುತ್ತದೆ. "ಈ ಶಾಲೆಯ ಒಂದು ರೂಪಾಯಿಯನ್ನಾದರೂ ವ್ಯರ್ಥವಾಗಿ ವ್ಯಯಮಾಡಿದ ಆಡಳಿತ ಮಂಡಳಿಯನ್ನು ನಾನು..." ಎಂದು ನನ್ನಂಥವನು ಉಸಿರೆಳೆದುಕೊಂಡರೆ, "ಕಂಡಿಲ್ಲ" ಎಂಬ ಕೊನೆಯ ಪದ ಬರುವವರೆಗೆ ದುಭಾಷಿಯ ಕೈ ತಡೆಯಲೇಬೇಕು. ಆತುರಪಟ್ಟರೆ ಆಡಳಿತ ಮಂಡಳಿಯ ಗತಿ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಸಂಜ್ಞಾಭಾಷೆಯೆಂದರೆ ಬಾಯಿಯ ಮಾತಿಗೆ ಬದಲಾಗಿ ಕೈಯಾಡಿಸುವುದೆಂದೋ, ನಾಟ್ಯದ ಮುದ್ರೆಗಳ ಸುಲಭ ರೂಪವೆಂದೋ ನಮ್ಮಲ್ಲಿ ಅನೇಕರ ತಿಳಿವಳಿಕೆ. ಅಭಿನಯದರ್ಪಣವು ಹೇಳುವ 28 ಅಸಂಯುತ ಹಸ್ತಗಳಿಗೂ ಇದಕ್ಕೂ ಸಂಬಂಧವಿದೆಯೆಂದು ನಾನೂ ಭಾವಿಸಿದ್ದೆ. ಅದು ತಪ್ಪು. ಮುದ್ರೆಯು ಹಾಡಿಗೆ ಒದಗುವ ಅಲಂಕಾರ. ಇದು ಹಾಡಿನ ಹಂಗಿಲ್ಲದ, ತನ್ನದೇ ಪದಸಂಪತ್ತು ಮತ್ತು ವ್ಯಾಕರಣಗಳುಳ್ಳ ಸ್ವತಂತ್ರ ಭಾಷೆ. ಅಮೆರಿಕದ ಕಿವುಡರ ಭಾಷೆಯನ್ನು ಕುರಿತು ವಿಲಿಯಂ ಸ್ಟೋಕೋ ಎಂಬ ವಿದ್ವಾಂಸರು 1960ರಲ್ಲಿ ಈ ಸಂಗತಿಯನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ನಮ್ಮ ದೇಶದ ಸಂಜ್ಞಾಭಾಷೆಯನ್ನು ಸ್ವತಃ ಕಿವುಡರಾದ ಮದನ್ ವಾಸಿಷ್ಠ ಹಾಗೂ ಅವರ ಸಹೋದ್ಯೋಗಿಗಳು ದೆಹಲಿ, ಮುಂಬಯಿ, ಕಲ್ಕತ್ತ, ಬೆಂಗಳೂರುಗಳಲ್ಲಿ ಅಭ್ಯಸಿಸಿದರು. ಬೆಂಗಳೂರಿನ ಪ್ರಭೇದವನ್ನು ಪರಿಚಯಿಸುವ ಅವರ ಪುಸ್ತಕ 1985ರಲ್ಲಿ ಪ್ರಕಟವಾಯಿತು. ಊರಿನಿಂದೂರಿಗೆ ಪದಗಳಲ್ಲಿ ಭೇದವಿದ್ದರೂ ವ್ಯಾಕರಣ ಬಹುಮಟ್ಟಿಗೆ ಒಂದೇ ಎಂಬುದು ಆ ಅಧ್ಯಯನದಿಂದ ತಿಳಿದುಬಂದ ಮಾತು. ಧಾರವಾಡದ ಕನ್ನಡ, ಮೈಸೂರಿನ ಕನ್ನಡಗಳಿಲ್ಲವೆ?

ವೈಯಾಕರಣನಿಗೆ ಈ ಭಾಷೆ ಒಂದು ಹಬ್ಬವೇ ಸರಿ. "ನಾನು ನಿಮಗೆ ಕೊಡುತ್ತೇನೆ" ಎನ್ನುವಾಗ ಕೊಡುವ ಸಂಜ್ಞೆಯು ನನ್ನ ಎದೆಯ ಕಡೆಯಿಂದ ನಿಮ್ಮ ಕಡೆಗೆ ಚಲಿಸುತ್ತದೆ. "ನೀವು ನನಗೆ" ಎಂದಾಗ ಅದೇ ಕೈ ನಿಮ್ಮ ಕಡೆಯಿಂದ ನನ್ನ ಕಡೆಗೆ ಬರುತ್ತದೆ. ನಮ್ಮ ಚತುರ್ಥೀ ವಿಭಕ್ತಿಯ ಕೆಲಸವನ್ನು ಅಲ್ಲಿ ದಿಕ್ಕು ಮಾಡುತ್ತದೆ. ಪ್ರಶ್ನಾರ್ಥಕ ಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ನಿಲ್ಲುತ್ತದೆ. ಹೌದು ಅಥವಾ ಅಲ್ಲ ಎಂಬ ಉತ್ತರವನ್ನು ಬೇಡುವ ಪ್ರಶ್ನೆಯಾದರೆ ಹುಬ್ಬುಗಳು ಮೇಲೇರುತ್ತವೆ. ಕೈಗಳು ಅವೇ ಇದ್ದು ಹುಬ್ಬು ಏರದಿದ್ದರೆ ಅದು ಪ್ರಶ್ನೆಯಲ್ಲ, ಹೇಳಿಕೆ. ಆದುದರಿಂದಲೇ ದುಭಾಷಿಯ ಮುಖದ ಮೇಲೆ ಬೆಳಕು ಬೀಳಬೇಕು. ಚರ್ಮದ ವರ್ಣಕ್ಕೆ ಎದ್ದು ಕಾಣುವಂಥ, ಚಿತ್ತಾರವಿಲ್ಲದ ಒಂದೇ ಬಣ್ಣದ ಉಡುಪು ಬೇಕು. ಕೈಯಲ್ಲಿ ಹೊಳೆಯುವ ಉಂಗುರ, ಬಳೆಗಳು ಇರಬಾರದು. ಆ ತಾಯಿ ಉತ್ಸವದಂದು ಕಪ್ಪು ವಸ್ತ್ರವನ್ನುಟ್ಟು ಬಂದುದನ್ನು ಕಂಡು ನಮ್ಮ ಸ್ವಾಗತ ಸಮಿತಿಯ ಹಿರಿಯರೊಬ್ಬರು ಶುಭದಿನದಂದು ಇದೇನೆಂದು ಗೊಣಗಿದ್ದು ನನಗೆ ನೆನಪಿದೆ.

ಅಂದಿನ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ನನ್ನ ಭಾಷಣದ ನಡುವೆ ಧ್ವನಿವರ್ಧಕವು ಒಮ್ಮೆ ಕಿರುಚಿ ನಿಂತುಹೋಯಿತು. ಮಾತಿನ ಓಟದಲ್ಲಿದ್ದ ನಾನು ನಿಲ್ಲಿಸಲಿಲ್ಲ. ಹಿಂದಿನ ಸಾಲುಗಳಲ್ಲಿದ್ದ ನೂರಾರು ಜನರಿಗೆ ಐದು ನಿಮಿಷ ಒಂದಕ್ಷರವೂ ಕೇಳಿಸಲಿಲ್ಲ. ಆದರೆ ಅದೇ ಸಾಲುಗಳಲ್ಲಿದ್ದ ಕಿವುಡ ಮಕ್ಕಳು ನಿಶ್ಚಿಂತೆಯಿಂದ ತಲೆದೂಗುತ್ತಿದ್ದರು. ಮುಂದೆ ನೃತ್ಯಕ್ಕಾಗಿ ವೇದಿಕೆಯ ದೀಪಗಳನ್ನು ಆರಿಸಿದಾಗ ಪರಿಸ್ಥಿತಿ ತಿರುಗಿತು. ನಿರೂಪಕರು ಕತ್ತಲಲ್ಲಿ ಆಡಿದ ಮಾತೆಲ್ಲ ಆ ಮಕ್ಕಳ ಪಾಲಿಗೆ ಇಲ್ಲವಾಯಿತು.

ಸಭೆಗಳು ಈ ವೃತ್ತಿಯ ಅಲ್ಪಭಾಗ ಮಾತ್ರ. ಬೆಳಿಗ್ಗೆ ಸರಕಾರಿ ಆಸ್ಪತ್ರೆಯ ಹೊರರೋಗಿಗಳ ವಿಭಾಗ, ಮಧ್ಯಾಹ್ನ ಬ್ಯಾಂಕು, ಆ ಬಳಿಕ ಕಾಲೇಜಿನ ಪಾಠ, ಸಂಜೆ ಕೈದೂರವಾಣಿಯ ಪರದೆಯ ಮೂಲಕ ದೂರದ ಊರಿನವರಾರದೋ ಆಸ್ತಿಯ ಮಾತುಕತೆ: ಇದು ಆಕೆಯ ಒಂದು ಸಾಧಾರಣ ದಿನ. ಆಸ್ಪತ್ರೆಯಲ್ಲಿ ವೈದ್ಯರು ರೋಗಿಯ ಮುಖವನ್ನು ನೋಡದೆ ದುಭಾಷಿಯ ಕಡೆಗೆ ತಿರುಗಿ, "ಎಷ್ಟು ದಿನದಿಂದ ನೋವು ಅಂತ ಅವರನ್ನು ಕೇಳಿ" ಎನ್ನುತ್ತಾರೆ. ರೋಗಿಯು ಸಂಜ್ಞೆಯಲ್ಲಿ ಉತ್ತರಿಸಿದಾಗ ದುಭಾಷಿಯು "ಅವರಿಗೆ ನೋವಂತೆ" ಎನ್ನದೆ "ನನಗೆ ನಾಲ್ಕು ದಿನದಿಂದ ನೋವು" ಎಂದೇ ನುಡಿಯುತ್ತಾರೆ. ಉತ್ತಮ ಪುರುಷ ಸರ್ವನಾಮವು ರೋಗಿಯದು, ಧ್ವನಿ ಮಾತ್ರ ದುಭಾಷಿಯದು. ಇದನ್ನರಿಯದ ವೈದ್ಯರೊಬ್ಬರು "ನಿಮಗೂ ನೋವೇ?" ಎಂದು ಕೇಳಿದ್ದುಂಟಂತೆ. ಸಂಗಡ ಬಂದ ಬಂಧುಗಳು "ಅವನಿಗೇನು ತಿಳಿಯುತ್ತದೆ, ನಮಗೆ ಹೇಳಿ" ಎಂದರೆ ಆ ಮಾತನ್ನೂ ಕೈಯಲ್ಲಿ ಹೇಳಿಬಿಡುತ್ತಾರೆ. ಕೋಣೆಯಲ್ಲಿ ಕಿವಿಗೆ ಬಿದ್ದುದೆಲ್ಲವೂ ಕಿವುಡನಿಗೂ ಸಲ್ಲತಕ್ಕದ್ದೆಂಬುದು ಈ ವೃತ್ತಿಯ ನಿಯಮ. ಮೃದುಗೊಳಿಸುವ, ಬಿಡುವ, ಸೇರಿಸುವ ಅಧಿಕಾರ ದುಭಾಷಿಗಿಲ್ಲ. ಸಲಹೆ ಕೊಡುವ ಅಧಿಕಾರವೂ ಇಲ್ಲ.

ಬರೆದು ತೋರಿಸಿದರೆ ಸಾಲದೆ ಎಂದು ಕೇಳುವವರುಂಟು. ಹುಟ್ಟುಕಿವುಡರಾದವರಿಗೆ ಕನ್ನಡವು ಕಿವಿಯಿಂದ ಬಂದ ಮಾತೃಭಾಷೆಯಲ್ಲ, ಕಣ್ಣಿನಿಂದ ಕಷ್ಟಪಟ್ಟು ಕಲಿತ ಎರಡನೆಯ ಭಾಷೆ. ಹಲವರಿಗೆ ಅದನ್ನು ಕಲಿಯುವ ಅವಕಾಶವೂ ದೊರೆತಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡ ಮಕ್ಕಳಿಗೆ ಬಾಯಿಮಾತಿನಿಂದಲೇ ಪಾಠ ಹೇಳತಕ್ಕದ್ದೆಂದು ನಿರ್ಣಯಿಸಿದುದರ ಫಲವಾಗಿ, ಬಹುಕಾಲ ಜಗತ್ತಿನ ಎಷ್ಟೋ ಶಾಲೆಗಳಲ್ಲಿ ಕೈಮಾತು ನಿಷಿದ್ಧವಾಗಿತ್ತು. ಅದೇ ಪರಂಪರೆಯ ಸಮ್ಮೇಳನವು ಆ ನಿರ್ಣಯವನ್ನು ತಳ್ಳಿಹಾಕಿದ್ದು 2010ರಲ್ಲಿ. ಇತ್ತ ಹಳ್ಳಿಗಳಲ್ಲಿ ಶಾಲೆಯ ಮೆಟ್ಟಿಲನ್ನೇ ಹತ್ತದೆ, ಮನೆಯವರಿಗೆ ಮಾತ್ರ ತಿಳಿಯುವ ಮನೆಸನ್ನೆಗಳಲ್ಲಿ ಬೆಳೆದವರಿದ್ದಾರೆ. ಅಂಥವರ ವಿಷಯದಲ್ಲಿ ಕಿವಿಯುಳ್ಳ ದುಭಾಷಿಯ ಕೌಶಲ ಸಾಲದೆ, ಕಿವುಡರೇ ಆದ ಮತ್ತೊಬ್ಬ ದುಭಾಷಿಯನ್ನು ನಡುವೆ ಕೂರಿಸಿಕೊಳ್ಳುತ್ತಾರೆ.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು ಸಂಪರ್ಕ ಸಾಧನಗಳಲ್ಲಿ ಸಂಜ್ಞಾಭಾಷೆಯನ್ನೂ ಎಣಿಸಿದೆ. ದೆಹಲಿಯಲ್ಲಿ 2015ರಲ್ಲಿ ಸ್ಥಾಪಿತವಾದ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರವು 2021ರಲ್ಲಿ 10,000 ಪದಗಳ ಕೋಶವನ್ನು ಹೊರತಂದಿತು. ದುಭಾಷಿಗಳಿಗೆ ಎರಡು ವರ್ಷಗಳ ಡಿಪ್ಲೊಮಾ ಶಿಕ್ಷಣವೂ ಅಲ್ಲಿದೆ. ಮಾತನಾಡಲಾರದ ಸಾಕ್ಷಿಗೆ ನ್ಯಾಯಾಲಯವು ದುಭಾಷಿಯ ನೆರವನ್ನು ಪಡೆದು ಆ ಹೇಳಿಕೆಯನ್ನು ವಿಡಿಯೋದಲ್ಲಿ ದಾಖಲಿಸಬೇಕೆಂಬ ವಿಧಿಯು 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೆಯ ಪ್ರಕರಣದಲ್ಲಿದೆ. ಬೆಂಗಳೂರಿನ ಕಿವುಡ ವಕೀಲೆಯೊಬ್ಬರು 2023ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ, 2024ರ ಏಪ್ರಿಲಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆಯೂ ದುಭಾಷಿಯ ಮೂಲಕ ಹಾಜರಾದುದು ಕನ್ನಡಿಗರೆಲ್ಲ ಹೆಮ್ಮೆಪಡತಕ್ಕ ಸಂಗತಿ. ಆದರೆ 2011ರ ಜನಗಣತಿಯಂತೆ ಶ್ರವಣದೋಷವುಳ್ಳವರು ದೇಶದಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದಾರೆ. ತರಬೇತಿ ಪಡೆದ ದುಭಾಷಿಗಳು ಜಿಲ್ಲೆಗೊಬ್ಬರು ಸಿಕ್ಕರೂ ಪುಣ್ಯವೆನ್ನಬೇಕು. ಭಾಷೆಯನ್ನು ಅರಿಯದ ಸಂಘಟಕರು ಯಾರನ್ನೋ ತಂದು ನಿಲ್ಲಿಸಿದರೆ ಏನಾಗುವುದೆಂಬುದನ್ನು 2013ರ ಡಿಸೆಂಬರಿನಲ್ಲಿ ನೆಲ್ಸನ್ ಮಂಡೇಲಾ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಜಗತ್ತೇ ಕಂಡಿತು. ರಾಷ್ಟ್ರನಾಯಕರ ಪಕ್ಕದಲ್ಲಿ ನಿಂತ ಆ ವ್ಯಕ್ತಿಯ ಕೈಗಳು ಅರ್ಥಹೀನವಾಗಿ ಆಡುತ್ತಿವೆಯೆಂದು ಮೊದಲು ಗುರುತಿಸಿದವರು ಕಿವುಡರೇ.

ಸಭೆಯ ಕೆಲಸದಲ್ಲಿ ಸುಮಾರು 20 ನಿಮಿಷಗಳಿಗೊಮ್ಮೆ ಇಬ್ಬರು ದುಭಾಷಿಗಳು ಸರದಿ ಬದಲಿಸುವುದು ಪದ್ಧತಿ. ದಣಿದ ಬುದ್ಧಿ ತಪ್ಪುತ್ತದೆ. ನಾವು ಒಬ್ಬರನ್ನೇ ಕರೆಸಿದ್ದೆವು. ನಾನು 45 ನಿಮಿಷ ಮಾತನಾಡಿದೆ. ಕೊನೆಕೊನೆಗೆ ಆಕೆಯ ಭುಜಗಳು ಕುಸಿಯುತ್ತಿದ್ದುದನ್ನು ಕಂಡೂ ಮಂಗಳವಾಕ್ಯವನ್ನು ಮೊಟಕುಗೊಳಿಸಲಿಲ್ಲ. ಅದು ನನ್ನ ತಪ್ಪು. ಧ್ವನಿವರ್ಧಕದ ಬಾಡಿಗೆಯನ್ನು ಚೌಕಾಸಿಯಿಲ್ಲದೆ ಕೊಡುವ ನಾವು, ದುಭಾಷಿಯ ಸಂಭಾವನೆಯ ಮಾತು ಬಂದಾಗ "ಇದು ಸೇವೆಯಲ್ಲವೇ ತಾಯಿ?" ಎಂದು ಕೇಳಿದೆವು. ಈ ವಾಕ್ಯವನ್ನು ದಾನಿಗಳು ದಯವಿಟ್ಟು ಎರಡು ಸಲ ಓದಬೇಕು.

ಅಂದು ಊಟದ ಹೊತ್ತಿನಲ್ಲಿ ನಾನು ಆಕೆಗೆ ನಮ್ಮ ಅಧ್ಯಾಪಕರ ಕೊಠಡಿಯ ಒಂದು ಹಳೆಯ ಹಾಸ್ಯಪ್ರಸಂಗವನ್ನು ಹೇಳಿದೆ. ಹತ್ತು ವರ್ಷಗಳ ಕೆಳಗೆ ಏಳನೆಯ ತರಗತಿಯ ಬಾಲಿಕೆಯೊಬ್ಬಳ ತಂದೆಯನ್ನು ಕರೆಸಿದ್ದೆ. ಆತ ಕಿವುಡ. ಮಗಳೇ ನಡುವೆ ನಿಂತು ಸನ್ನೆಮಾಡುತ್ತಿದ್ದಳು. "ನಿನಗೆ ಓದಿನಲ್ಲಿ ಲಕ್ಷ್ಯವಿಲ್ಲ, ಈ ವರ್ಷ ಉತ್ತೀರ್ಣಳಾಗುವುದು ಕಷ್ಟವೆಂದು ನಿಮ್ಮ ತಂದೆಗೆ ಹೇಳಮ್ಮ" ಎಂದೆ. ಅವಳು ಏನು ಹೇಳಿದಳೋ, ಆ ತಂದೆ ಮುಖವರಳಿಸಿ ನನಗೆ ಕೈಮುಗಿದು ಹೊರಟುಹೋದ. ಹುಡುಗಿಯ ಜಾಣತನವನ್ನು ನೆನೆದು ನಾವೆಲ್ಲ ವರ್ಷಗಟ್ಟಲೆ ನಕ್ಕಿದ್ದೆವು.

ಆ ತಾಯಿ ನಗಲಿಲ್ಲ. ಆಕೆಯ ತಂದೆತಾಯಿಗಳಿಬ್ಬರೂ ಕಿವುಡರು. ಹನ್ನೊಂದನೆಯ ವಯಸ್ಸಿನಲ್ಲಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು, ತಂದೆಯ ಕಾಯಿಲೆ ಗುಣವಾಗುವುದಲ್ಲವೆಂಬ ವೈದ್ಯರ ಮಾತನ್ನು ತಾಯಿಗೆ ಕೈಯಲ್ಲಿ ಹೇಳಬೇಕಾಗಿ ಬಂತಂತೆ. "ನಾನು ಹೇಳಲಿಲ್ಲ ಗುರುಗಳೇ. ಮಾತ್ರೆ ನುಂಗಿದರೆ ಸರಿಹೋಗುವುದು ಎಂದೆ. ಅಮ್ಮ ಎಂಟು ತಿಂಗಳು ಅದನ್ನೇ ನಂಬಿದ್ದರು. ನಿಮ್ಮ ಆ ಹುಡುಗಿ ಜಾಣೆಯಲ್ಲ, ಹೆದರಿದ್ದಳು" ಎಂದರು. ಎಲೆಯ ಮೇಲಿನ ಅನ್ನ ನನಗೆ ಸೇರಲಿಲ್ಲ. ಆ ಬಾಲಿಕೆ ಅದೇ ವರ್ಷ ಶಾಲೆಯನ್ನು ಬಿಟ್ಟಳೆಂಬುದು ಆಗ ನೆನಪಿಗೆ ಬಂತು. ಆ ಭಾಗವನ್ನು ನಾವು ಹಾಸ್ಯಪ್ರಸಂಗದಲ್ಲಿ ಸೇರಿಸುತ್ತಿರಲಿಲ್ಲ.

ಕಳೆದ ಜೂನ್ ತಿಂಗಳಲ್ಲಿ ಐದನೆಯ ತರಗತಿಗೆ ಸೇರಿದ ಹುಡುಗನೊಬ್ಬನ ತಂದೆತಾಯಿಗಳು ನನ್ನನ್ನು ಕಾಣಲು ಬಂದರು. ಇಬ್ಬರೂ ಕಿವುಡರು. ಹುಡುಗ ಎಂದಿನ ಅಭ್ಯಾಸದಂತೆ ನಡುವೆ ಬಂದು ನಿಂತ. ಅವನನ್ನು ಆಟದ ಬಯಲಿಗೆ ಕಳುಹಿಸಿ, ಆ ತಾಯಿಗೆ ಕರೆಮಾಡಿ, ಕೈದೂರವಾಣಿಯನ್ನು ಮೇಜಿನ ಮೇಲಿನ ನಿಘಂಟಿಗೆ ಒರಗಿಸಿ, ಪಾಲಕರ ಮುಖಕ್ಕೆ ಕಿಟಕಿಯ ಬೆಳಕು ಬೀಳುವಂತೆ ಕುರ್ಚಿಗಳನ್ನು ಸರಿಸಿದೆ. ಅಂಕಗಳ ವಿಷಯ ಎರಡು ನಿಮಿಷಗಳಲ್ಲಿ ಮುಗಿಯಿತು. ಆಮೇಲೆ ಆ ತಂದೆ ಕೈಯಲ್ಲಿ ಏನನ್ನೋ ಕೇಳಿದ. ಪರದೆಯೊಳಗಿಂದ ದುಭಾಷಿಯ ಧ್ವನಿ ಬಂತು: "ನನ್ನ ಮಗ ತರಗತಿಯಲ್ಲಿ ಮಾತನಾಡುತ್ತಾನೆಯೇ? ಅವನು ಹೇಗೆ ಮಾತನಾಡುತ್ತಾನೆಂದು ನಾವು ಕೇಳಿಲ್ಲ." ತರಗತಿಗೆಲ್ಲ ಅವನೇ ವಾಚಾಳಿಯೆಂದೂ, ಆ ಕಾರಣಕ್ಕಾಗಿಯೇ ಅವನನ್ನು ಮೂರು ಬಾರಿ ಬೇರೆ ಬೆಂಚಿಗೆ ಬದಲಾಯಿಸಬೇಕಾಯಿತೆಂದೂ ಹೇಳಿದೆ. ಗಂಡಹೆಂಡಿರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ಹುಡುಗ ಹೊರಗೆ ಖೋಖೋ ಆಡುತ್ತಿದ್ದ.